ಹಗಲು ಹೊತ್ತು ಊರಲ್ಲಿ ಯಾರಿರುತ್ತಾರೆ?

(ಫಿಲಡೆಲ್ಫಿಯಾದ ಪಶ್ಚಿಮಕ್ಕಿರುವ ಊರುಗಳ ಕನ್ನಡ ಕುಟುಂಬಗಳು ಒಂದು ಭಾನುವಾರ ಸೇರಿದ್ದಾಗ ಆಡಿದ ಮಾತುಗಳಿವು. ಆಡುವಾಗ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆ ಕೇಳಿ ಶುರು ಮಾಡುತ್ತೇನೆ. ಅಡುಗೆಮನೆಯ ಘಾಟಿಗೆ ಅಲಾರಂ ಹೊಡೆದುಕೊಂಡು ಮನೆ ಮುಂದೆ ಫೈರ್ ಇಂಜಿನ್ ಬಂದು ನಿಂತದ್ದು ನಿಮ್ಮಲ್ಲಿ ಎಷ್ಟು ಜನರಿಗೆ ಆಗಿದೆ? ನೋಡಿ, ಏಳೆಂಟು ಕೈ ಮೇಲೆದ್ದವು.

ನಮ್ಮ ಮನೆಗೂ ಬಂದಿತ್ತು. ಹನ್ನೊಂದು ವರ್ಷದ ಹಿಂದಿನ ಮಾತು. ಚಳಿಗಾಲದ ಸಂಜೆ, ಕಿಟಕಿ ಎಲ್ಲ ಮುಚ್ಚಿತ್ತು. ಬಾಳಕದ ಮೆಣಸಿನಕಾಯಿ ಕರಿಯುತ್ತಿದ್ದೆವು. ಹತ್ತು ನಿಮಿಷದಲ್ಲಿ ನಾಲ್ಕು ಜನ ದಪ್ಪ ಕೋಟು, ಬೂಟು ಹಾಕಿಕೊಂಡು ಒಳಗೆ ಬಂದರು. ಒಲೆ ನೋಡಿದರು, ಗೋಡೆ ಮುಟ್ಟಿ ನೋಡಿದರು, ಅಟ್ಟ ನೋಡಿದರು, ಅಲಾರಂ ಸರಿಮಾಡಿದರು. ಒಬ್ಬರಿಗೂ ಬೇಸರ ಇರಲಿಲ್ಲ. ಅವರಲ್ಲೊಬ್ಬರನ್ನು ನಾನು ಗುರುತು ಹಿಡಿದೆ. ಹಿಂದಿನ ವಾರವಷ್ಟೇ ನಮ್ಮ ಮನೆಯ ಬಿಸಿನೀರಿನ ಬಾಯ್ಲರ್ ರಿಪೇರಿ ಮಾಡಿಹೋಗಿದ್ದವರು. 'ನೀವು ಎರಡು ಕೆಲಸ ಮಾಡ್ತೀರಾ?' ಅಂತ ಕೇಳಿದೆ. 'ಇದು ಕೆಲಸ ಅಲ್ಲ, ಇದಕ್ಕೆ ಸಂಬಳ ಇಲ್ಲ' ಅಂದರು. ಊಟಕ್ಕೆ ಕೂತವರು ಪೇಜರ್ ಕೂಗಿತು ಅಂತ ಎದ್ದು ಬಂದಿದ್ದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಊರಿಗೆ ಬಂದು ಆರು ವರ್ಷ ಆಗಿತ್ತು. ತೆರಿಗೆ ಕಟ್ಟುತ್ತೇನೆ, ಅದರಲ್ಲೇ ಫೈರ್ ಇಂಜಿನ್ನೂ ಬರುತ್ತದೆ ಅಂದುಕೊಂಡಿದ್ದೆ. ನಾವು ಬೆಳೆದದ್ದೇ ಹಾಗಲ್ವಾ? ಕರ್ನಾಟಕದಲ್ಲಿ ಅಗ್ನಿಶಾಮಕ ಎಂದರೆ ಸರ್ಕಾರ. ಗೃಹ ಇಲಾಖೆಯ ಕೆಳಗೆ ಬರುತ್ತದೆ, ಖಾಕಿ ಇದೆ, ಸಂಬಳ ಇದೆ, 101 ಒತ್ತಿದರೆ ಬರುತ್ತಾರೆ. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಫೈರ್ ಕಂಪನಿಗಳು ಸ್ವಯಂಸೇವಕರವು. ಇಡೀ ಅಮೆರಿಕದಲ್ಲಿ 2020ರಲ್ಲಿ ಬೆಂಕಿ ಆರಿಸುವವರು ಸುಮಾರು 10 ಲಕ್ಷದ 41 ಸಾವಿರ ಜನ. ಅದರಲ್ಲಿ 6 ಲಕ್ಷದ 77 ಸಾವಿರ ಜನ ಸಂಬಳ ಇಲ್ಲದವರು.

'ಕಂಪನಿ' ಅಂದ ಕೂಡಲೇ ವ್ಯಾಪಾರ ಅಂದುಕೊಳ್ಳಬೇಡಿ. ಇಲ್ಲಿ ಅದಕ್ಕೆ ಕೂಟ, ತಂಡ ಎಂಬ ಹಳೆಯ ಅರ್ಥ. ಇನ್ನು 'ಟೌನ್‌ಶಿಪ್' ಅಂದರೆ ಕಾರ್ಖಾನೆಯವರು ಕಟ್ಟಿಸಿದ ಕ್ವಾರ್ಟರ್ಸ್ ಅಲ್ಲ. ನಮ್ಮ ಕಡೆಯ ಹೋಬಳಿಯಷ್ಟು ಜಾಗ ಅಂದುಕೊಳ್ಳಿ. ನಾಲ್ಕಾರು ಊರು ಸೇರಿರುತ್ತವೆ. ತನ್ನದೇ ಚುನಾಯಿತ ಆಡಳಿತ, ತನ್ನದೇ ತೆರಿಗೆ, ಹಲವು ಕಡೆ ತನ್ನದೇ ಪೊಲೀಸ್ ಇರುತ್ತದೆ. ನಾವೆಲ್ಲ ಇರುವ ರ್ಯಾಡ್ನರ್, ಲೋವರ್ ಮೆರಿಯನ್ ಅಂಥವು. ಈ ಟೌನ್‌ಶಿಪ್‌ಗಳ ಪೊಲೀಸರು ಆಡಳಿತದವರು. ಬೆಂಕಿ ಆರಿಸುವವರು ಮಾತ್ರ ಅಕ್ಕಪಕ್ಕದ ಮನೆಯವರು. ಯಾಕೆ ಹೀಗಾಯಿತು ಅಂತ ಹುಡುಕುತ್ತಾ ಹೋದೆ. ಅದನ್ನೇ ಇವತ್ತು ಹೇಳುತ್ತೇನೆ.

ಕಥೆ ಫಿಲಡೆಲ್ಫಿಯಾದಲ್ಲೇ ಶುರುವಾಗುತ್ತದೆ. 1735ರ ಫೆಬ್ರವರಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನದೇ ಪತ್ರಿಕೆಗೆ ಹೆಸರು ಮರೆಸಿ ಒಂದು ಪತ್ರ ಬರೆದ. ಉರಿಯುವ ಕೆಂಡವನ್ನು ಮುಚ್ಚಳ ಇಲ್ಲದ ಸಲಿಕೆಯಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಒಯ್ಯಬೇಡಿ, ಮೆಟ್ಟಿಲ ಮೇಲಂತೂ ಬೇಡವೇ ಬೇಡ ಅಂತ. ನಮ್ಮ ಹಳ್ಳಿಗಳಲ್ಲೂ ಪಕ್ಕದ ಮನೆಯಿಂದ ಕೆಂಡ ತಂದು ಒಲೆ ಹಚ್ಚುತ್ತಿದ್ದ ಕಾಲ ಇತ್ತು. ಆ ಭಯ ನಮ್ಮ ಅಜ್ಜಿಯರಿಗೆ ಗೊತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು ಎನ್ನುವ ನಮ್ಮ ಗಾದೆಯ ಮಾತನ್ನೇ ಫ್ರಾಂಕ್ಲಿನ್ ತನ್ನ ರೀತಿಯಲ್ಲಿ ಆ ಪತ್ರದಲ್ಲಿ ಹೇಳಿದ್ದ.

ಮರುವರ್ಷ, 1736ರ ಡಿಸೆಂಬರ್ 7ರಂದು, ಅವನೂ ಅವನ ಗೆಳೆಯರೂ ಸೇರಿ ಯೂನಿಯನ್ ಫೈರ್ ಕಂಪನಿ ಕಟ್ಟಿದರು. ಮೂವತ್ತು ಜನಕ್ಕೆ ಮಿತಿ. ಅದರ ನಿಯಮಗಳನ್ನು ಓದುವಾಗ ನನಗೆ ತುಂಬಾ ಹತ್ತಿರದವು ಅನ್ನಿಸಿದವು. ಪ್ರತಿಯೊಬ್ಬರೂ ಮನೆಯಲ್ಲಿ ಚರ್ಮದ ಬಕೆಟ್ಟುಗಳನ್ನೂ ಗಟ್ಟಿ ಬಟ್ಟೆಯ ಚೀಲಗಳನ್ನೂ ಸದಾ ತಯಾರಿಟ್ಟಿರಬೇಕು. ಬೆಂಕಿಯ ಕೂಗು ಕೇಳಿದರೆ ಅವನ್ನು ಹಿಡಿದು ಓಡಬೇಕು. ಬಕೆಟ್ಟು ಸರಿ, ಚೀಲ ಯಾಕೆ? ಉರಿಯುವ ಮನೆಯಿಂದ ಸಾಮಾನು ತುಂಬಿ ಹೊರಗೆ ತರಲು. ತಂದ ಸಾಮಾನಿಗೆ ಕಾವಲೂ ಬೇಕಿತ್ತು. ಉರಿಯೋ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ದೇಶದಲ್ಲೂ ಇರುತ್ತಾರೆ.

ತಿಂಗಳಿಗೊಮ್ಮೆ ಎಲ್ಲರೂ ಸೇರಿ ಒಟ್ಟಿಗೆ ಸಂಜೆ ಕಳೆಯಬೇಕು. ತಪ್ಪಿಸಿದವರಿಗೆ ದಂಡ. ಆ ದಂಡದ ಚಿಲ್ಲರೆ ದುಡ್ಡಿನಲ್ಲೇ ಏಣಿ, ಕೊಕ್ಕೆ, ನೀರೆತ್ತುವ ಯಂತ್ರ ಕೊಂಡರು. ಸೇರಲು ಜಾಸ್ತಿ ಜನ ಬಂದಾಗ, ನಮ್ಮದು ತುಂಬಿದೆ, ನೀವೇ ಇನ್ನೊಂದು ಕಟ್ಟಿಕೊಳ್ಳಿ ಅಂದರು. ಹೀಗೆ ಒಂದರ ಪಕ್ಕ ಒಂದು ಕಂಪನಿ ಹುಟ್ಟಿತು. ಈ ಭಾಗದಲ್ಲಿ ಒಂದೇ ಟೌನ್‌ಶಿಪ್‌ನಲ್ಲಿ ಆರೇಳು ಫೈರ್ ಕಂಪನಿ ಯಾಕಿವೆ ಅಂತ ನೀವು ಯೋಚಿಸಿರಬಹುದು. ನನಗನ್ನಿಸುವಂತೆ, ಆ ಅಭ್ಯಾಸದ ಬೇರು ಇಲ್ಲೇ ಇದೆ.

ದೊಡ್ಡ ನಗರದಲ್ಲಿ ಇದು ಬಹಳ ಕಾಲ ನಡೆಯಲಿಲ್ಲ. ಕಂಪನಿಗಳ ನಡುವೆ ಪೈಪೋಟಿ ಬೆಳೆಯಿತು, ಬೀದಿ ಜಗಳವಾಯಿತು. ಹಬೆ ಯಂತ್ರ ಬಂದ ಮೇಲೆ ಕಡಿಮೆ ಜನ ಸಾಕಾದರು, ಆದರೆ ಅವರು ದಿನವಿಡೀ ಠಾಣೆಯಲ್ಲೇ ಇರಬೇಕಾಯಿತು. ಸಿನ್ಸಿನಾಟಿ ನಗರ 1853ರಲ್ಲೇ ಸಂಬಳದ ಪಡೆ ಮಾಡಿಕೊಂಡಿತು. ಫಿಲಡೆಲ್ಫಿಯಾ 1871ರಲ್ಲಿ ಮಾಡಿಕೊಂಡಿತು.

ಅದೇ ಹೊತ್ತಿಗೆ ನಗರದ ಹೊರಗೆ ನಮ್ಮ ಊರುಗಳು ಹುಟ್ಟುತ್ತಿದ್ದವು. ಪೆನ್ಸಿಲ್ವೇನಿಯಾ ರೈಲ್ವೆಯ ಮುಖ್ಯ ಹಳಿ ಪಶ್ಚಿಮಕ್ಕೆ ಹೋಗುತ್ತದಲ್ಲ, ಅದರ ಗುಂಟ ಊರುಗಳು ಎದ್ದವು. ಈಗಲೂ ಇದಕ್ಕೆ 'ಮೇನ್ ಲೈನ್' ಅಂತಲೇ ಹೆಸರು. ಮೊದಲು ಇಲ್ಲಿದ್ದದ್ದು ವೇಲ್ಸ್‌ನಿಂದ ಬಂದ, ಕ್ವೇಕರ್ ಎಂಬ ಕ್ರೈಸ್ತ ಪಂಥದ ರೈತರ ಹೊಲಗಳು. ಮೆರಿಯನ್, ರ್ಯಾಡ್ನರ್ ಎಂಬ ಹೆಸರುಗಳೂ ಅವರು ತಂದವೇ. 1880ರ ದಶಕದಲ್ಲಿ ಜಾರ್ಜ್ ಚೈಲ್ಡ್ಸ್ ಎಂಬ ಪತ್ರಿಕೆಯ ಮಾಲೀಕ, ಆಂಥನಿ ಡ್ರೆಕ್ಸೆಲ್ ಎಂಬ ಬ್ಯಾಂಕಿನ ಧಣಿ ಸೇರಿ ರ್ಯಾಡ್ನರ್ ಟೌನ್‌ಶಿಪ್‌ನ ವೇನ್‌ನಲ್ಲಿ ಸಾಲುಸಾಲು ಮನೆ ಕಟ್ಟಿಸಿ ಮಾರಿದರು. ಬೆಳಗ್ಗೆ ರೈಲು ಹತ್ತಿ ನಗರದ ಆಫೀಸಿಗೆ, ಸಂಜೆ ರೈಲಿಳಿದು ಮರಗಳ ನೆರಳಿನ ಮನೆಗೆ. ನಾವು ಇವತ್ತು ಮಾಡುವುದನ್ನು ಅವರು ಆಗಲೇ ಮಾಡುತ್ತಿದ್ದರು.

ಮನೆಗಳಾದವು. ಆದರೆ ಬೆಂಕಿ ಬಿದ್ದರೆ? ನಗರದ ಪಡೆ ಇಲ್ಲಿಗೆ ಬರುವ ಹೊತ್ತಿಗೆ ಬರೀ ಚಿಮಣಿ ಉಳಿದಿರುತ್ತಿತ್ತು. ಹಾಗಾಗಿ ಊರವರೇ ಕಂಪನಿ ಕಟ್ಟಿಕೊಂಡರು. ಆರ್ಡ್‌ಮೋರ್‌ನ ಮೆರಿಯನ್ ಫೈರ್ ಕಂಪನಿ 1889ರದ್ದು. ಬ್ರಿನ್ ಮಾರ್‌ನದು 1903ರದ್ದು.

ಇಲ್ಲಿ ಒಂದು ವಿಷಯ ಗಮನಿಸಿ. ಹಗಲು ಹೊತ್ತಿನಲ್ಲಿ ದೊಡ್ಡ ಮನೆಯ ಯಜಮಾನರು ನಗರದಲ್ಲಿರುತ್ತಿದ್ದರು. ಹಾಗಾದರೆ ಮಧ್ಯಾಹ್ನ ಬೆಂಕಿ ಬಿದ್ದರೆ ಓಡಿಬಂದವರು ಯಾರು? ಅಂಗಡಿಯವರು, ಬಡಗಿಗಳು, ಕಲ್ಲುಕೆಲಸದವರು, ಕುದುರೆ ಲಾಯದವರು, ತೋಟದ ಮಾಲಿಗಳು. ದುಡ್ಡು ಕೊಟ್ಟವರು ರೈಲು ಹತ್ತಿದವರು. ಪೈಪು ಎಳೆದವರು ಊರಲ್ಲೇ ದುಡಿಯುತ್ತಿದ್ದವರು. ಈ ಊರುಗಳ ಬೆಂಕಿ ಪಡೆಯ ಇಡೀ ಚರಿತ್ರೆ ನನಗೆ ಕಾಣುವುದು ಈ ಒಂದೇ ಪ್ರಶ್ನೆಯಲ್ಲಿ. ಹಗಲು ಹೊತ್ತು ಊರಲ್ಲಿ ಯಾರಿರುತ್ತಾರೆ?

ಈಗ 1906ಕ್ಕೆ ಬರುತ್ತೇನೆ. ನನಗೆ ಬಹಳ ಇಷ್ಟವಾದ ಭಾಗ ಇದು, ಸ್ವಲ್ಪ ಜಾಸ್ತಿ ಹೇಳಿದರೆ ಕ್ಷಮಿಸಿ. ಆ ವರ್ಷ ವೇನ್‌ನ ರ್ಯಾಡ್ನರ್ ಫೈರ್ ಕಂಪನಿ ಒಂದು ಗಾಡಿ ತರಿಸಿತು. ಕಟ್ಟಿದವರು ದೂರದ ಮಿನ್ನೆಸೋಟಾದ ಸೇಂಟ್ ಪಾಲ್ ನಗರದ ವಾಟರಸ್ ಕಾರ್ಖಾನೆಯವರು. ಪೆಟ್ರೋಲಿನಲ್ಲಿ ತಾನೇ ಓಡಿಕೊಂಡು ಬಂದು, ಪೆಟ್ರೋಲಿನ ಬಲದಲ್ಲೇ ನೀರು ಚಿಮ್ಮಿಸುವ ಅಮೆರಿಕದ ಮೊದಲ ಫೈರ್ ಇಂಜಿನ್ ಅಂತ ಅದಕ್ಕೆ ಹೆಸರು. ಅದರಲ್ಲಿ ಎರಡು ಎಂಜಿನ್‌ಗಳಿದ್ದವು. ಒಂದು ಚಕ್ರ ತಿರುಗಿಸಲು, ಇನ್ನೊಂದು ಪಂಪು ತಿರುಗಿಸಲು. ಒಂದೇ ಎಂಜಿನ್ ಎರಡೂ ಕೆಲಸ ಮಾಡುವ ಗಾಡಿಯನ್ನು ಅದೇ ಕಾರ್ಖಾನೆ ಮರುವರ್ಷ ಕ್ಯಾಲಿಫೋರ್ನಿಯಾದ ಅಲಮೀಡಾ ಊರಿಗೆ ಕಟ್ಟಿಕೊಟ್ಟಿತು. ಇವತ್ತಿನ ಫೈರ್ ಇಂಜಿನ್‌ಗಳಲ್ಲೂ ಸಾಮಾನ್ಯವಾಗಿ ಗಾಡಿ ಓಡಿಸುವ ಎಂಜಿನ್ನೇ ನಿಂತಾಗ ಪಂಪನ್ನೂ ತಿರುಗಿಸುತ್ತದೆ.

ನ್ಯೂಯಾರ್ಕ್, ಚಿಕಾಗೊ, ಫಿಲಡೆಲ್ಫಿಯಾದಂಥ ದೊಡ್ಡ ನಗರಗಳನ್ನು ಬಿಟ್ಟು ಇಂಥ ಗಾಡಿ ಒಂದು ಪುಟ್ಟ ರೈಲ್ವೆ ಊರಿಗೆ ಮೊದಲು ಬಂತು. ಯಾಕೆ? ಊರಲ್ಲಿ ದುಡ್ಡಿತ್ತು ಅನ್ನುವುದು ಒಂದು ಉತ್ತರ. ಆದರೆ ಅದಷ್ಟೇ ಅಲ್ಲ ಅನ್ನಿಸುತ್ತದೆ. ನಗರದ ಪಡೆಗೆ ಹಬೆ ಯಂತ್ರ ಇತ್ತು, ಕುದುರೆಗಳಿದ್ದವು, ಅವನ್ನು ನೋಡಿಕೊಳ್ಳಲು ಸಂಬಳದ ಆಳುಗಳಿದ್ದರು. ಹಬೆ ಯಂತ್ರಕ್ಕೆ ಒಲೆ ಹೊತ್ತಿಸಿ ಕಾಯಬೇಕು. ಕುದುರೆಗೆ ಬೆಂಕಿ ಇರಲಿ ಇಲ್ಲದಿರಲಿ ದಿನಾ ಹುಲ್ಲು, ಹುರುಳಿ ಹಾಕಬೇಕು, ಮೈ ಉಜ್ಜಬೇಕು, ಲಾಳ ಕಟ್ಟಿಸಬೇಕು. ಯಾರೂ ಸಂಬಳಕ್ಕಿಲ್ಲದ ಊರಲ್ಲಿ ಅದನ್ನು ಯಾರು ಮಾಡಬೇಕು? ಪೆಟ್ರೋಲ್ ಗಾಡಿ ಹಾಗಲ್ಲ. ವಾರಗಟ್ಟಲೆ ಬಾಗಿಲ ಹಿಂದೆ ಸುಮ್ನೆ ನಿಂತಿರುತ್ತದೆ, ಏನೂ ತಿನ್ನುವುದಿಲ್ಲ. ಬೆಂಕಿಯ ದಿನ ಹ್ಯಾಂಡಲ್ ತಿರುಗಿಸಿದರೆ ಹೊರಡುತ್ತದೆ. ಸ್ವಯಂಸೇವಕರ ಊರಿಗೆ ಹೇಳಿ ಮಾಡಿಸಿದ ಯಂತ್ರ ಅದು. ಫಿಲಡೆಲ್ಫಿಯಾದಲ್ಲಿ ಕುದುರೆಗಳು ಇನ್ನೂ ಎಷ್ಟೋ ವರ್ಷ ಓಡಿದವು.

ಗಾಡಿ ತಯಾರಿದ್ದರೆ ಆಯಿತೇ, ಜನರನ್ನು ಕರೆಯಬೇಕಲ್ಲ? ಆ ಕಾಲದ ಅಮೆರಿಕದ ಸಣ್ಣ ಊರುಗಳಲ್ಲಿ ರೈಲು ಎಂಜಿನ್ನಿನ ಚಕ್ರದ ಮೇಲಿನ ಉಕ್ಕಿನ ಪಟ್ಟಿಯನ್ನು ತೂಗುಹಾಕಿ ಸುತ್ತಿಗೆಯಿಂದ ಬಾರಿಸುತ್ತಿದ್ದರು. ಸವೆದ ಮೇಲೆ ರೈಲ್ವೆಯವರು ಬಿಸಾಡುವ ಪಟ್ಟಿ ಅದು. ಇದನ್ನು ಓದಿದಾಗ ನಮ್ಮೂರ ಶಾಲೆ ನೆನಪಾಯಿತು. ಅಲ್ಲೂ ಗಂಟೆ ಅಂದರೆ ಮರಕ್ಕೆ ಕಟ್ಟಿದ ರೈಲು ಕಂಬಿಯ ತುಂಡೇ. ನಿಮ್ಮಲ್ಲೂ ಹಾಗೇ ಇತ್ತಲ್ವಾ? ಆಮೇಲೆ ಸೈರನ್ ಬಂತು, ಟೆಲಿಫೋನ್ ಬಂತು. 1968ರಲ್ಲಿ ಅಲಬಾಮಾದ ಹೇಲಿವಿಲ್ ಊರಿನಿಂದ ಇಲ್ಲಿನ ತುರ್ತು ಸಂಖ್ಯೆ 911ರ ಮೊದಲ ಕರೆ ಹೋಯಿತು. 1970ರ ದಶಕದಲ್ಲಿ ಸೊಂಟಕ್ಕೆ ಸಿಕ್ಕಿಸುವ ಪೇಜರ್ ಬಂತು. ಕೂಗು ಕೇಳುವ ದೂರ ಪ್ರತಿಸಲವೂ ಹಿಗ್ಗಿತು. ಗಂಟೆ ಬಾರಿಸುವ ಕಾಲದಲ್ಲಿ ಸದ್ದು ಕೇಳಿಸುವಷ್ಟು ದೂರದಲ್ಲಿ ದುಡಿಯುವವರು ಮಾತ್ರ ಬರಬಹುದಿತ್ತು. ಆದರೆ ಅವರು ಹತ್ತಿರದಲ್ಲೇ ಇದ್ದರು! ಈಗ ಫೋನಿಗೇ ಕರೆ ಬರುತ್ತದೆ, ಎಲ್ಲಿದ್ದರೂ ಕೇಳಿಸುತ್ತದೆ. ಕೇಳಿಸಿಕೊಂಡವರು ಮಾತ್ರ ನಲವತ್ತು ಕಿಲೋಮೀಟರ್ ಆಚೆ ಇರುತ್ತಾರೆ.

ದುಡ್ಡಿನ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಜಾತ್ರೆಯಂಥ ಕಾರ್ನಿವಲ್, ಕೋಳಿ ಬಾರ್ಬೆಕ್ಯೂ, ಬಿಂಗೊ ಆಟ, ಮನೆಮನೆಗೆ ಚಂದಾ ಪತ್ರ. ಹೆಂಗಸರ ಸಹಾಯಕ ಮಂಡಳಿಗಳು ಕೇಕ್ ಮಾಡಿ ಮಾರಿದವು, ರಾತ್ರಿಯ ಬೆಂಕಿಗೆ ಕಾಫಿ, ಸ್ಯಾಂಡ್‌ವಿಚ್ ಹೊತ್ತು ತಂದವು. ಈಗ ಒಂದು ಹೊಸ ಗಾಡಿಗೆ ಹತ್ತಿರ ಹತ್ತಿರ 10 ಲಕ್ಷ ಡಾಲರ್ ಆಗುತ್ತದೆ. ಏಣಿಯ ಗಾಡಿಗೆ ಇನ್ನೂ ಜಾಸ್ತಿ. ಕೇಕ್ ಮಾರಿ ಅದು ಹುಟ್ಟುವುದಿಲ್ಲ. ಟೌನ್‌ಶಿಪ್‌ಗಳೂ ದುಡ್ಡು ಹಾಕುತ್ತವೆ, ಕೆಲವು ಕಡೆ ಸಂಬಳದ ಚಾಲಕರನ್ನೂ ಕೊಟ್ಟಿವೆ. ಆದರೂ ಆ ಚಂದಾ ಪತ್ರ ಇನ್ನೂ ಬರುತ್ತದೆ. ದಯವಿಟ್ಟು ಜಾಹೀರಾತು ಅಂತ ಹರಿದು ಹಾಕಬೇಡಿ. ನಾನು ಆರು ವರ್ಷ ಹಾಗೆ ಹರಿದು ಹಾಕಿದ್ದೇನೆ. ನೆನೆದರೆ ಈಗಲೂ ನೋವಾಗುತ್ತದೆ.

1991ರ ಏಪ್ರಿಲ್ 4, ಗುರುವಾರ. ಮಧ್ಯಾಹ್ನ ಹನ್ನೆರಡು ದಾಟಿತ್ತು. ಅಮೆರಿಕದ ಸಂಸತ್ತಿನಲ್ಲಿ ಪೆನ್ಸಿಲ್ವೇನಿಯಾದ ಸೆನೆಟರ್ ಆಗಿದ್ದ ಜಾನ್ ಹೈಂಜ್ ಇದ್ದ ಸಣ್ಣ ವಿಮಾನದ ಮುಂದಿನ ಚಕ್ರ ಸರಿಯಾಗಿ ಕೂತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅದನ್ನು ನೋಡಲು ಒಂದು ಹೆಲಿಕಾಪ್ಟರ್ ಹತ್ತಿರ ಬಂತು. ಎರಡೂ ಡಿಕ್ಕಿ ಹೊಡೆದವು. ಕೆಳಗೆ ಲೋವರ್ ಮೆರಿಯನ್ ಟೌನ್‌ಶಿಪ್‌ನ ಮೆರಿಯನ್ ಪ್ರಾಥಮಿಕ ಶಾಲೆ. ಮಕ್ಕಳು ಊಟದ ಬಿಡುವಿನಲ್ಲಿ ಆಟದ ಬಯಲಲ್ಲಿದ್ದರು. ಹಾರುತ್ತಿದ್ದ ಐದು ಜನ ಸತ್ತರು. ಒಂದನೇ ತರಗತಿಯ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಸತ್ತರು.

ಅದು ಕೆಲಸದ ದಿನದ ನಡುಮಧ್ಯಾಹ್ನ. ಸುತ್ತಲಿನ ಕಂಪನಿಗಳ ಸ್ವಯಂಸೇವಕರು ಅಂಗಡಿ, ಗ್ಯಾರೇಜು, ಆಫೀಸು ಬಿಟ್ಟು ಓಡಿದರು. ಅಂಥವರಲ್ಲಿ ಅದೇ ಶಾಲೆಗೆ ಮಕ್ಕಳನ್ನು ಕಳಿಸುವವರೂ ಇರುತ್ತಾರೆ. ಊರವರೇ ಬೆಂಕಿ ಆರಿಸುವುದು ಎಂದರೆ ಅದರಲ್ಲಿ ಇದೂ ಇದೆ. ಹೊಗೆಯ ಒಳಗೆ ಯಾರಿದ್ದಾರೆ ಎನ್ನುವುದು ಅವರಿಗೆ ಗೊತ್ತಿರುತ್ತದೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. 1970ರ ದಶಕದಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸುಮಾರು 3 ಲಕ್ಷ ಸ್ವಯಂಸೇವಕರಿದ್ದರಂತೆ. 2018ರಲ್ಲಿ ರಾಜ್ಯದ ಶಾಸನಸಭೆಯ ಸಮಿತಿ ವರದಿ ಕೊಟ್ಟಾಗ ಅದು 38 ಸಾವಿರದ ಹತ್ತಿರ ಬಂದಿತ್ತು. ಜನ ಸ್ವಾರ್ಥಿಗಳಾದರು ಅಂತ ಹೇಳಿಬಿಡುವುದು ಸುಲಭ. ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ ಮನೆಯ ಬೆಲೆ. ಬಡಗಿಯ ಮಗ, ಪ್ಲಂಬರಿನ ಮಗಳು ತಾವು ಹುಟ್ಟಿದ ಊರಲ್ಲೇ ಮನೆ ಕೊಳ್ಳಲು ಆಗುತ್ತಿಲ್ಲ. ದೂರ ಹೋದರು. ಆ ಮನೆಗಳಿಗೆ ಬಂದವರು ಯಾರು? ನಮ್ಮಂಥವರು. ಬೆಳಗ್ಗೆ ಹೊರಟು ರಾತ್ರಿ ಬರುವವರು. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಶನಿವಾರ ಮಕ್ಕಳ ಈಜು, ಭಾನುವಾರ ಭರತನಾಟ್ಯ.

ಇನ್ನೊಂದು ಕಡೆ ಕೆಲಸವೂ ಬೆಳೆದಿದೆ. ಸೇರಿಕೊಳ್ಳುವವರಿಗೆ 150 ಗಂಟೆಗೂ ಮೀರಿದ ಮೊದಲ ತರಬೇತಿ ಇದೆ. ಬೆಂಕಿಯೂ ಬದಲಾಗಿದೆ. ಹಳೆಯ ಕಾಲದ ಮರ, ಹತ್ತಿಯ ಸಾಮಾನಿದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಪ್ರಯೋಗದಲ್ಲಿ ಅರ್ಧ ಗಂಟೆ ಹಿಡಿಯಿತು. ಇವತ್ತಿನ ಫೋಮು, ಪಾಲಿಯೆಸ್ಟರ್ ತುಂಬಿದ ಕೋಣೆ ನಾಲ್ಕು ನಿಮಿಷದೊಳಗೆ ಹೊತ್ತಿಕೊಂಡಿತು. ಸ್ವಯಂಸೇವಕರ ಪಡೆಗಳಿಗೆ ಒಂದು ರಾಷ್ಟ್ರೀಯ ಅಳತೆಗೋಲಿದೆ. ನಗರದಂಚಿನ ಊರಲ್ಲಿ ಹತ್ತು ನಿಮಿಷದಲ್ಲಿ ಹತ್ತು ಜನ ಮುಟ್ಟಬೇಕು, ನೂರಕ್ಕೆ ಎಂಬತ್ತು ಸಲವಾದರೂ. ರಾತ್ರಿ ಅದು ಆಗುತ್ತದೆ. ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಹತ್ತು ಜನ ಎಲ್ಲಿಂದ ತರುವುದು? ಒಂದು ಕಂಪನಿಯಿಂದ ಮೂವರು, ಪಕ್ಕದ್ದರಿಂದ ಇಬ್ಬರು ಅಂತ ಈಗ ಹಲವು ಕಂಪನಿಗಳನ್ನು ಒಟ್ಟಿಗೇ ಕರೆಯುತ್ತಾರೆ. ನಿಮ್ಮ ಮನೆಗೆ ಬಾಳಕದ ಹೊಗೆಗೆ ಮೂರು ಗಾಡಿ ಯಾಕೆ ಬಂದವು ಅಂತ ಆಗ ಅನ್ನಿಸಿತ್ತಲ್ಲ, ಕಾರಣ ಇದು.

2021ರ ಜುಲೈ ತಿಂಗಳು ಲೋವರ್ ಮೆರಿಯನ್‌ಗೆ ಬಹಳ ಕೆಟ್ಟದ್ದಾಗಿತ್ತು. 4ನೇ ತಾರೀಖು, ಊರೆಲ್ಲ ಸ್ವಾತಂತ್ರ್ಯದ ಹಬ್ಬದಲ್ಲಿದ್ದಾಗ, ಪಕ್ಕದ ಟೌನ್‌ಶಿಪ್‌ನ ಅಪಾರ್ಟ್‌ಮೆಂಟ್ ಬೆಂಕಿಯಲ್ಲಿ ಆರ್ಡ್‌ಮೋರ್‌ನ ಮೆರಿಯನ್ ಕಂಪನಿಯ ಸ್ವಯಂಸೇವಕರೊಬ್ಬರು ಜೀವ ಬಿಟ್ಟರು. ಮೂರು ವಾರಕ್ಕೆ, 24ರಂದು, ಹೆದ್ದಾರಿಯ ಅಪಘಾತಕ್ಕೆ ನೆರವಾಗಲು ಹೋದ ಬೆಲ್ಮಾಂಟ್ ಹಿಲ್ಸ್ ಕಂಪನಿಯ ಸ್ವಯಂಸೇವಕರೊಬ್ಬರಿಗೆ ಇನ್ನೊಂದು ಕಾರು ಬಂದು ಗುದ್ದಿತು. ಅವರೂ ಉಳಿಯಲಿಲ್ಲ. ಇಬ್ಬರಿಗೂ ಮನೆ ಇತ್ತು, ಬೇರೆ ಕೆಲಸ ಇತ್ತು. ನಾವು ಆ ರಸ್ತೆಯಲ್ಲಿ ದಿನಾ ಓಡಾಡುತ್ತೇವೆ.

ಅದಾದ ಮೇಲೆ ನಾನು ಸುಮ್ಮನೆ ಕೂರಲಾಗಲಿಲ್ಲ. ಅಷ್ಟು ಹೊತ್ತಿಗೆ ನನ್ನ ಆಫೀಸು ಮನೆಗೇ ಬಂದಿತ್ತು. ಹಗಲು ಹೊತ್ತು ಊರಲ್ಲಿ ಯಾರಿರುತ್ತಾರೆ ಎಂಬ ಪ್ರಶ್ನೆಗೆ ನನ್ನ ಬೀದಿಯಲ್ಲಿ ಉತ್ತರ ನಾನೇ ಆಗಿದ್ದೆ. ಹೋಗಿ ಸೇರಿಕೊಂಡೆ.

ಇಷ್ಟಕ್ಕೆ ಮಾತು ಮುಗಿಸಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಬರೆಯುತ್ತೇನೆ.

ಹಿಂದಿನ ಸಾಲಿನ ಒಬ್ಬರು ಕೇಳಿದರು: 'ಸಾರ್, ನನಗೆ ಐವತ್ತೆರಡು. ಮಂಡಿ ನೋವು ಬೇರೆ. ಏಣಿ ಹತ್ತೋದಕ್ಕೆ ಆಗಲ್ಲ. ನಾನೇನು ಮಾಡಬಹುದು?'

ನಾನೂ ಏಣಿ ಹತ್ತುವುದಿಲ್ಲ ಅಂದೆ. ಪೆನ್ಸಿಲ್ವೇನಿಯಾದಲ್ಲಿ 'ಫೈರ್ ಪೊಲೀಸ್' ಎಂಬ ಸ್ವಯಂಸೇವಕರಿದ್ದಾರೆ. ಪ್ರಮಾಣವಚನ ತೆಗೆದುಕೊಂಡು, ಬೆಂಕಿ ಬಿದ್ದ ಕಡೆ ರಸ್ತೆ ತಡೆದು ವಾಹನಗಳನ್ನು ಬೇರೆ ಕಡೆ ಕಳಿಸುವುದು ಅವರ ಕೆಲಸ. ನಾನು ಮಾಡುವುದು ಅದನ್ನೇ. ಮಳೆಯಲ್ಲಿ ಹೊಳೆಯುವ ಜಾಕೆಟ್ ಹಾಕಿ, ಟಾರ್ಚ್ ಹಿಡಿದು ನಾಲ್ಕು ಗಂಟೆ ನಿಂತದ್ದಿದೆ. ಲೆಕ್ಕ ಬರೆಯುವವರು ಬೇಕು, ಅನುದಾನಕ್ಕೆ ಅರ್ಜಿ ಬರೆಯುವವರು ಬೇಕು, ಕಂಪ್ಯೂಟರ್ ನೋಡಿಕೊಳ್ಳುವವರು ಬೇಕು. ನಮ್ಮವರಿಗೆ ಇದು ಕಷ್ಟವೇ? ಮಕ್ಕಳೂ 14 ವರ್ಷ ತುಂಬಿದರೆ ಕಿರಿಯರ ತಂಡಕ್ಕೆ ಸೇರಬಹುದು, ಅಪಾಯದ ಕೆಲಸಕ್ಕೆ ಬಿಡುವುದಿಲ್ಲ. 2016ರ ಕಾನೂನಿನ ಪ್ರಕಾರ ಸ್ವಯಂಸೇವಕರಿಗೆ ಸ್ವಲ್ಪ ತೆರಿಗೆ ಬಿಡಲು ಟೌನ್‌ಶಿಪ್‌ಗಳಿಗೆ ಅವಕಾಶವೂ ಇದೆ. ನಿಮ್ಮ ಟೌನ್‌ಶಿಪ್‌ನಲ್ಲಿ ಕೇಳಿ ನೋಡಿ.

ಎರಡನೆಯದು ಪ್ರಶ್ನೆಯಲ್ಲ. ಮಗಳ ಬಾಣಂತನಕ್ಕೆಂದು ದಾವಣಗೆರೆ ಕಡೆಯಿಂದ ಬಂದಿದ್ದ ಒಬ್ಬರು ಅಮ್ಮ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಊಟಕ್ಕೆ ಏಳುವಾಗ ನನ್ನ ಕೈ ಹಿಡಿದುಕೊಂಡರು.

'ಅಲ್ಲಪ್ಪ, ನಮ್ಮೂರಲ್ಲಿ ಒಂದ್ಸಲ ಬಣವೆಗೆ ಬೆಂಕಿ ಬಿದ್ದಿತ್ತು. ನನಗೆ ಮದುವೆಯಾಗಿ ಬಂದು ಒಂದು ವರ್ಷ ಆಗಿತ್ತು ಅಷ್ಟೇ. ಗಾಳಿ ಬೇರೆ. ಪಕ್ಕದಲ್ಲೇ ಮನೆ ಸಾಲು.'

ಯಾರು ಆರಿಸಿದರು ಅಂತ ಕೇಳಿದೆ.

'ಇನ್ಯಾರು, ನಾವೇ ಹೆಂಗಸರು. ಬಾವಿಯಿಂದ ಬಣವೆವರೆಗೂ ಸಾಲು ನಿಂತು ಕೊಡ ದಾಟಿಸಿದ್ವಿ. ಹಗಲು ಹೊತ್ತಲ್ವಾ? ಗಂಡಸರೆಲ್ಲ ಹೊಲದಲ್ಲಿದ್ದರು.'